ಮಂದದೃಷ್ಟಿಯವರೂ ಗಣಕಯಂತ್ರದ ಪರದೆಯೂ



ಲ್ಯಾನ್‌ಹ್ಯಾಮಿನ ಈ ಸಭೆಯಲ್ಲಿ ಆರೋಗ್ಯದ ವಿಚಾರವಾಗಿ ನಾಲ್ಕು ಮಾತನಾಡಬೇಕೆಂದು ಕೂಟದವರು ಕೇಳಿದಾಗ, ನಾನು ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ಕುರಿತು ಹೇಳುವೆನೆಂದು ಅವರು ಎಣಿಸಿದ್ದಿರಬೇಕು. ನಾನು ಆರಿಸಿಕೊಂಡ ವಿಷಯ ಬೇರೆ. ಅದಕ್ಕೆ ಕಾರಣ ನನ್ನ ತಾಯಿಯವರು.

ಅಮ್ಮನಿಗೆ ಗ್ಲಾಕೋಮಾ. ಊರಿನಿಂದ ನಮ್ಮಲ್ಲಿಗೆ ಬಂದ ಮೇಲೆ ಬೆಳಗಿನ ಕಾಫಿಯೊಡನೆ ಗಣಕಯಂತ್ರದಲ್ಲಿ 'ಪ್ರಜಾವಾಣಿ' ಓದುವುದು ಅವರ ನಿತ್ಯವ್ರತವಾಗಿತ್ತು. ಕಣ್ಣಿಗೆ ತ್ರಾಸವಾಗುತ್ತಿದೆ ಎಂದಾಗ ನಾನು ಅಕ್ಷರಗಳನ್ನು ನಾಲ್ಕು ಪಟ್ಟು ಹಿಗ್ಗಿಸಿಕೊಟ್ಟು, ಮಗನ ಕರ್ತವ್ಯ ಮುಗಿಯಿತೆಂದು ಆಸ್ಪತ್ರೆಗೆ ಹೊರಟುಹೋದೆ. ವಾರ ಕಳೆಯುವಷ್ಟರಲ್ಲಿ ಅವರು ಓದುವುದನ್ನೇ ಬಿಟ್ಟಿದ್ದರು. "ಒಂದು ಪದ ಕಾಣೋ ಹೊತ್ತಿಗೆ ಹಿಂದಿನ ಪದ ಮರೆತುಹೋಗುತ್ತೆ ಕಣೋ" ಎಂದರು. ಮೂವತ್ತು ವರ್ಷ ವೈದ್ಯವೃತ್ತಿ ಮಾಡಿದವನಿಗೆ ಇದು ಮೊದಲೇ ಹೊಳೆಯಬೇಕಾಗಿತ್ತು.

ಮಂದದೃಷ್ಟಿಯೆಂದರೆ ಕುರುಡಲ್ಲ. ಒಳ್ಳೆಯ ಕನ್ನಡಕ ಹಾಕಿದ ಮೇಲೂ, ಸರಿಗಣ್ಣಿನವರು 18 ಮೀಟರ್ ದೂರದಿಂದ ಓದುವ ಅಕ್ಷರವನ್ನು 6 ಮೀಟರಿಗೆ ಬಂದರೂ ಓದಲಾಗದ ಸ್ಥಿತಿ ಅದು. ಆದರೆ ಈ ಅಳತೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ; ದೃಷ್ಟಿಯ ಯಾವ ಭಾಗ ಹೋಗಿದೆ ಎಂಬುದನ್ನು ಹೇಳುವುದಿಲ್ಲ. ಗ್ಲಾಕೋಮಾ ದೃಷ್ಟಿಯ ಅಂಚುಗಳನ್ನು ತಿನ್ನುತ್ತ ಬರುತ್ತದೆ. ಕೊನೆಗೆ ಉಳಿಯುವುದು ಬಿದಿರಿನ ಕೊಳವೆಯೊಳಗಿಂದ ನೋಡಿದಂತಹ ನೋಟ. ಅಕ್ಷರ ದೊಡ್ಡದಾದಷ್ಟೂ ಆ ಕೊಳವೆಯೊಳಗೆ ಹಿಡಿಸುವ ಅಕ್ಷರಗಳು ಕಡಿಮೆ! ವಯಸ್ಸಾದವರಲ್ಲಿ ಅಕ್ಷಿಪಟಲದ ನಡುಭಾಗವಾದ ಮ್ಯಾಕ್ಯುಲಾ ಸವೆದರೆ ಇದಕ್ಕೆ ನೇರ ವಿರುದ್ಧ: ಅಂಚು ಉಳಿದು ನಡುವೆ ಮಬ್ಬು ಕವಿಯುತ್ತದೆ; ಅವರಿಗೆ ದೊಡ್ಡ ಅಕ್ಷರವೇ ಆಸರೆ. ಕಣ್ಣಿನ ಪೊರೆ ಇರುವವರನ್ನು ಬಿಳಿಯ ಪರದೆಯ ಝಳವೇ ಕಂಗೆಡಿಸುತ್ತದೆ. ಕಪ್ಪು ಹಿನ್ನೆಲೆಯ ಮೇಲಿನ ಬಿಳಿ ಅಕ್ಷರ ಅವರಿಗೆ ಹಿತ. ಮಧುಮೇಹಿಗಳ ದೃಷ್ಟಿಯಂತೂ ಸಕ್ಕರೆಯ ಏರಿಳಿತದೊಡನೆ ತಾನೂ ಏರಿಳಿಯುವುದುಂಟು. ನಿನ್ನೆ ಸರಿಯಾಗಿದ್ದ ಏರ್ಪಾಡು ಇಂದು ಸಾಲದೆ ಹೋಗಬಹುದು.

ಈ ಏರ್ಪಾಡುಗಳಿಗೆ ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ. ಇವನ್ನು ಗಣಕದೊಳಗೇ ಅಡಕಮಾಡಬೇಕೆಂದು ದುಡಿದ ಟ್ರೇಸ್ ಕೇಂದ್ರ ಈಗ ನಮ್ಮ ನೆರೆಯಲ್ಲೇ ಇದೆ. ಗ್ರೆಗ್ ವ್ಯಾಂಡರ್‌ಹೈಡನ್ 1971ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಸ್ಥಾಪಿಸಿದ ಆ ಕೇಂದ್ರ 2016ರಲ್ಲಿ ಕಾಲೇಜ್ ಪಾರ್ಕಿನ ಮೇರಿಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಬಂದಿತು. ಅಲ್ಲಿ ರೂಪುಗೊಂಡ ಹಲವು ಸೌಲಭ್ಯಗಳು ವಿಂಡೋಸ್ 95ರಲ್ಲಿ ಸೇರಿಕೊಂಡವು. ಅವು ಹೆಚ್ಚಾಗಿ ಕೈ ಸ್ವಾಧೀನವಿಲ್ಲದವರಿಗಾಗಿ. ಪರದೆಯ ಭೂತಗನ್ನಡಿ ಬಂದದ್ದು ವಿಂಡೋಸ್ 98ರಲ್ಲಿ. ಇಂದಿನ ವಿಂಡೋಸ್ ಗಣಕಗಳಲ್ಲಿ ವಿಂಡೋಸ್ ಕೀಲಿಯನ್ನು ಅದುಮಿಕೊಂಡು ಪ್ಲಸ್ ಗುರುತನ್ನು ಒತ್ತಿದರೆ ಅದು ತೆರೆದುಕೊಳ್ಳುತ್ತದೆ. ಮೌಸಿನ ಬಾಣವನ್ನು ದಪ್ಪಗೊಳಿಸಿ ಬಣ್ಣ ಬದಲಿಸಬಹುದು. ಪರದೆಯ ಮೇಲೆ ಬಾಣ ಎಲ್ಲಿದೆಯೆಂದು ಹುಡುಕುವುದರಲ್ಲೇ ಅಮ್ಮನ ಅರ್ಧ ಆಯಾಸ ಇದ್ದದ್ದು.

ವ್ಯಾಂಡರ್‌ಹೈಡನ್ ಅವರೂ ಸಂಪಾದಕರಲ್ಲೊಬ್ಬರಾಗಿದ್ದ 2008ರ ಅಂತರರಾಷ್ಟ್ರೀಯ ವೆಬ್ ಮಾರ್ಗಸೂಚಿಯಲ್ಲಿ, ಅಕ್ಷರ ಮತ್ತು ಹಿನ್ನೆಲೆಗಳ ಹೊಳಪಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕೆಂದಿದೆ. ಈ ಅಂಕಿ ಸುಮ್ಮನೆ ಹುಟ್ಟಿದ್ದಲ್ಲ. ಸರಿಗಣ್ಣಿಗೆ 3ಕ್ಕೆ 1 ಸಾಕು; 20/40 ದೃಷ್ಟಿಯವರಲ್ಲಿ ಕುಗ್ಗುವ ಗ್ರಹಣಶಕ್ತಿಯನ್ನು ತುಂಬಿಕೊಡಲು ಅದನ್ನು ಒಂದೂವರೆ ಪಟ್ಟು ಮಾಡಿದರು. 20/80 ದೃಷ್ಟಿಯವರಿಗೆ 7ಕ್ಕೆ 1. ತಿಳಿಬೂದು ಬಣ್ಣದಲ್ಲಿ ಆಮಂತ್ರಣ ರಚಿಸುವ ನಮ್ಮ ಉತ್ಸಾಹಿ ತರುಣರು ಇದನ್ನು ಗಮನಿಸಬೇಕು.

ಕನ್ನಡದ ತೊಡಕು ಇನ್ನೊಂದು ಬಗೆಯದು. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ಇವುಗಳ ನಡುವಿನ ಭೇದ ಒಂದು ಪುಟ್ಟ ಹೊಟ್ಟೆಸೀಳು. ಮಬ್ಬುಗಣ್ಣಿಗೆ ಮೊದಲು ಮಾಯವಾಗುವುದೇ ಅದು, ಅನಂತರ ಒತ್ತಕ್ಷರ. ಇಂಗ್ಲಿಷನ್ನು ಸಲೀಸಾಗಿ ಓದುವ ಅಳತೆಯಲ್ಲಿ ಅದೇ ಹಿರಿಯರು ಕನ್ನಡದಲ್ಲಿ ತಡವರಿಸಿದರೆ ಮರೆವು ಬಂದಿತೆಂದು ತಿಳಿಯಬೇಡಿ. ಸಾಲುಗಳ ನಡುವೆ ಜಾಗ ಹೆಚ್ಚಿಸಿ. ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸನ್ನು ತಗಲುತ್ತದೆ.

ಕಣ್ಣು ದಣಿದಾಗ ಕಿವಿಗೆ ಕೆಲಸ ಕೊಡಬಹುದು. ಆಸ್ಟ್ರೇಲಿಯಾದ ಅಂಧ ತರುಣ ಮೈಕೇಲ್ ಕರನ್ 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಉಚ್ಚಾರ ಯಾಂತ್ರಿಕ, ಅಮ್ಮ ಅದಕ್ಕೆ ನಗುತ್ತಾರೆ. ಆದರೆ ಅಕ್ಷರಗಳು ಯೂನಿಕೋಡಿನಲ್ಲಿರಬೇಕು. ಅದು ಬಳಕೆಗೆ ಬರುವ ಮುನ್ನ ನಾವು ಬರಹ, ನುಡಿಗಳ ಹಳೆಯ ಅಕ್ಷರಮಾದರಿಗಳಲ್ಲಿ ಜೋಡಿಸಿದ ಪುಟಗಳು ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಮಾತ್ರ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಚಿತ್ರವಾಗಿ ಸ್ಕ್ಯಾನ್ ಮಾಡಿಟ್ಟ ಸಂಚಿಕೆಗಳಲ್ಲಿ ಯಂತ್ರಕ್ಕೆ ಅಷ್ಟೂ ಸಿಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ಬಳಗ ರೂಪಿಸಿರುವ 'ಲಿಪಿ ಜ್ಞಾನಿ' ಅಚ್ಚಾದ ಕನ್ನಡವನ್ನು ಗುರುತಿಸಿ ಪಠ್ಯವಾಗಿ ಮಾರ್ಪಡಿಸುತ್ತದೆ. ನಮ್ಮ ಹಳೆಯ ಸಂಚಿಕೆಗಳನ್ನು ಹೀಗೆ ಮಾರ್ಪಡಿಸಲು ಸಂಪಾದಕರು ಒಪ್ಪಿದರೆ ಕರಡು ತಿದ್ದುವ ಕೆಲಸ ನನ್ನದು.

ಅಮ್ಮನ ಪರದೆಯಲ್ಲಿ ಈಗ ಅಕ್ಷರ ಮಾಮೂಲಿಗಿಂತ ಒಂದೂವರೆ ಪಟ್ಟು ಮಾತ್ರ. ಕಪ್ಪಿನ ಮೇಲೆ ಹಳದಿ. ಕಿಟಕಿಯನ್ನು ಕಿರಿದಾಗಿಸಿದ್ದರಿಂದ ಸಾಲಿಗೆ ನಾಲ್ಕೈದು ಪದ. ಸಂಪಾದಕೀಯವನ್ನು ತಾವೇ ಓದಿಕೊಳ್ಳುತ್ತಾರೆ, ಉಳಿದದ್ದನ್ನು ಯಂತ್ರದಿಂದ ಓದಿಸುತ್ತಾರೆ.