ಬಾಯಿಯಲ್ಲಿ ಉಸಿರಾಡುವ ಮಕ್ಕಳು

ಬಾಯಿಯ ಅಂಗುಳವೇ ಮೂಗಿನ ನೆಲ. ಅಂಗುಳ ಕಿರಿದಾಗಿ ಮೇಲೆದ್ದಿದ್ದರೆ ಮೂಗಿನ ಹಾದಿಯೂ ಇಕ್ಕಟ್ಟಾಗುತ್ತದೆ. ಮಕ್ಕಳ ಉಸಿರಾಟ ದಂತವೈದ್ಯರಿಗೂ ಸಂಬಂಧಿಸಿದ್ದು ಇದರಿಂದಲೇ.

ಮೂಗಿನ ಹಿಂಭಾಗದ ಅಡೆನಾಯ್ಡ್ ಗ್ರಂಥಿ ಅಥವಾ ಗಂಟಲಿನ ಟಾನ್ಸಿಲ್ ದಪ್ಪಗಾದ ಮಗು ಬಾಯಿಯಲ್ಲಿ ಉಸಿರಾಡತೊಡಗುತ್ತದೆ. ಆಗ ನಾಲಿಗೆ ಅಂಗುಳಕ್ಕೆ ತಾಗಿ ನಿಲ್ಲದೆ ಕೆಳಗೆ ಬೀಳುತ್ತದೆ. ಮೇಲ್ದವಡೆ ಅಗಲವಾಗಿ ಬೆಳೆಯದೆ ಹಲ್ಲುಗಳು ಒತ್ತೊತ್ತಾಗಿ ಬರಬಹುದು. ಸದಾ ತೆರೆದ ಬಾಯಿ, ಒಣಗಿದ ತುಟಿ, ರಾತ್ರಿಯ ಗೊರಕೆ, ನಡುನಡುವೆ ಕಟ್ಟುವ ಉಸಿರು, ಒದ್ದೆಯಾಗುವ ಹಾಸಿಗೆ, ಹಗಲಿನ ಚಡಪಡಿಕೆ, ಪಾಠದಲ್ಲಿ ನಿಲ್ಲದ ಗಮನ ಇವೆಲ್ಲ ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆಯ ಸುಳಿವುಗಳು. ಗೊರಕೆ ಹೊಡೆಯುವ ಮಗು ಗಾಢವಾಗಿ ಮಲಗಿದೆ ಎಂಬ ನಂಬಿಕೆ ತಪ್ಪು. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಆಳವಾದ ನಿದ್ದೆಯಲ್ಲಿ. ಆ ನಿದ್ದೆ ಕೆಟ್ಟರೆ ಮೈಕಟ್ಟಿಗೂ ಪೆಟ್ಟು.

ಅಂಗುಳದ ನಡುವಿನ ಮೂಳೆಸಂದು ಹದಿಹರೆಯದವರೆಗೆ ಗಟ್ಟಿಯಾಗಿ ಬೆಸೆದಿರುವುದಿಲ್ಲ. ಹಾಗಾಗಿ ಆ ವಯಸ್ಸಿನಲ್ಲಿ ಅಂಗುಳವನ್ನು ಎಕ್ಸ್‌ಪ್ಯಾಂಡರ್ ಎಂಬ ಸಾಧನದಿಂದ ಅಗಲಿಸಬಹುದು. ಮೇಲಿನ ದವಡೆಹಲ್ಲುಗಳಿಗೆ ಕೂರಿಸಿದ ಎಕ್ಸ್‌ಪ್ಯಾಂಡರ್‌ನ ತಿರುಪನ್ನು ಪೋಷಕರು ಮನೆಯಲ್ಲೇ ಪುಟ್ಟ ಕೀಲಿಯಿಂದ ತಿರುಗಿಸುತ್ತಾರೆ. ಒಂದು ಸಲಕ್ಕೆ ಸುಮಾರು ಕಾಲು ಮಿಲಿಮೀಟರ್. ಹೀಗೆ ದವಡೆಯೊಂದಿಗೆ ಮೂಗಿನ ಹಾದಿಯೂ ಸ್ವಲ್ಪ ಅಗಲವಾಗುತ್ತದೆ.

ಆದರೆ ಗೊರಕೆ ಹೊಡೆಯುವ ಪ್ರತಿ ಮಗುವಿಗೂ ಇದು ಬೇಡ. ದವಡೆ ನಿಜಕ್ಕೂ ಕಿರಿದಾಗಿದ್ದರೆ ಮಾತ್ರ ಬಳಸಬೇಕು ಎಂದು ಅಮೆರಿಕದ ಆರ್ಥೊಡಾಂಟಿಸ್ಟರ (ಹಲ್ಲು-ದವಡೆ ಸರಿಪಡಿಸುವ ತಜ್ಞರ) ಸಂಘ 2019ರಲ್ಲೇ ಎಚ್ಚರಿಸಿದೆ. ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆಯನ್ನು ಖಚಿತಪಡಿಸುವುದು ವೈದ್ಯರ ನಿದ್ರಾ ಪರೀಕ್ಷೆ. ಟಾನ್ಸಿಲ್, ಅಡೆನಾಯ್ಡ್ ಅಡ್ಡವಾಗಿದ್ದರೆ ಮೊದಲು ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಬೇಕು.