ಕುರುಚಲು ಕಾಡಿಗೂ ಒಂದು ಕಾವಲು

ಇಳಕಲ್ ಸುತ್ತಿನ ಕೆಂಪು ಗ್ರಾನೈಟ್ ಕ್ವಾರಿಯ ಅಂಚಿಗೆ ನಿಂತವರಿಗೆ ಗುಡ್ಡ ಹೇಗೆ ಕರಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಕಡಿದಿಟ್ಟ ಬ್ಲಾಕಿನ ಮೈಮೇಲೆ ಡ್ರಿಲ್ ಇಳಿದ ಗೀರುಗಳು ಸೀಳಿದ ಕೊಳವೆಗಳಂತೆ ಸಾಲಾಗಿ ಕಾಣುತ್ತವೆ. ಆ ಕಲ್ಲು ಎಷ್ಟೋ ಮನೆಗಳ ಒಲೆ ಉರಿಸಿದೆ, ನಿಜ. ಕಲ್ಲಿನ ಜೊತೆ ಹೋದ ಕಾರೆ, ಕವಳಿ ಕಂಟಿಗಳ ಲೆಕ್ಕ ಮಾತ್ರ ಯಾವ ಲಾರಿಯ ಚೀಟಿಯಲ್ಲೂ ಬರುವುದಿಲ್ಲ.

ಕಾಡು ಎಂದರೆ ನಮಗೆ ಮಲೆನಾಡೇ ಕಣ್ಣ ಮುಂದೆ ಬರುತ್ತದೆ. ಮುಳ್ಳುಕಂಟಿಯ ನಮ್ಮ ಗುಡ್ಡಗಳಿಗೆ ಊರ ಬಾಯಲ್ಲಿ ‘ಬೀಳು’ ಎಂದೇ ಹೆಸರು. ಬೀಳು ಎಂದಮೇಲೆ ಕೇಳಿದವರಿಗೆ ಕೊಟ್ಟರಾಯಿತು! ಈ ಎಣಿಕೆಯನ್ನು ಬುಡಮೇಲು ಮಾಡಿದ್ದು ನೆರೆಯ ಗದಗ ಜಿಲ್ಲೆಯ ಕಪ್ಪತಗುಡ್ಡ.

2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಬಳಿ ಪೋಸ್ಕೊ ಉಕ್ಕಿನ ಕಾರ್ಖಾನೆ ಬರುತ್ತದೆಂದಾಗ ರೈತರು ಎದ್ದು ನಿಂತರು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಅವರ ಮುಂದೆ ನಿಂತರು. ಯೋಜನೆ ಹಿಂದೆ ಸರಿಯಿತು. 2015ರ ಡಿಸೆಂಬರಿನಲ್ಲಿ ಸರ್ಕಾರ ಕಪ್ಪತಗುಡ್ಡವನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿತು. 2016ರ ನವೆಂಬರಿನಲ್ಲಿ ಅದೇ ಸರ್ಕಾರ ಆ ಆದೇಶವನ್ನು ವಾಪಸು ಪಡೆಯಿತು. ಗುಡ್ಡದ ಒಡಲಲ್ಲಿ ಚಿನ್ನವಿದೆ, ಗಣಿಯವರ ಕಣ್ಣು ಅದರ ಮೇಲಿದೆ ಎಂಬುದು ಜನರಿಗೆ ಗೊತ್ತಿತ್ತು. 2017ರ ಫೆಬ್ರುವರಿಯಲ್ಲಿ ಸ್ವಾಮೀಜಿ ಗದಗದಲ್ಲಿ ಧರಣಿ ಕುಳಿತರು. ನಂದಿವೇರಿ ಮಠದ ಶಿವಕುಮಾರ ಸ್ವಾಮೀಜಿ, ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ, ರೈತರು, ವಿದ್ಯಾರ್ಥಿಗಳು ದನಿಗೂಡಿಸಿದರು. ಏಪ್ರಿಲ್‌ನಲ್ಲಿ ಆದೇಶ ಮರಳಿ ಬಂತು. 2019ರಲ್ಲಿ 244 ಚದರ ಕಿ.ಮೀ. ಗುಡ್ಡ ವನ್ಯಜೀವಿ ಅಭಯಾರಣ್ಯವಾಯಿತು. ಅದನ್ನು ನೋಡಲು ಸಿದ್ಧಲಿಂಗ ಸ್ವಾಮೀಜಿ ಇರಲಿಲ್ಲ. 2018ರ ಅಕ್ಟೋಬರಿನಲ್ಲೇ ಲಿಂಗೈಕ್ಯರಾಗಿದ್ದರು.

ಮೀಸಲು ಪ್ರದೇಶ ಅಭಯಾರಣ್ಯವೆಂದು ಹೆಸರು ಬದಲಿಸಿದ್ದು ಸಣ್ಣ ಸಂಗತಿಯಲ್ಲ. ಮೀಸಲು ಪ್ರದೇಶದ ಆದೇಶ ಒಂದು ಸಹಿಯಿಂದ ಹೋಗಬಹುದೆಂದು ನಾವೇ ಕಂಡೆವು. ಅಭಯಾರಣ್ಯದ ಗಡಿ ಬದಲಿಸಬೇಕಾದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಬೇಕು. ಹಾಗಿದ್ದೂ ಅಂಚಿನ ಗಣಿಗಳ ಪ್ರಸ್ತಾವ ಅಲ್ಲಿಗೇ ನಿಲ್ಲಲಿಲ್ಲ.

ನಮ್ಮ ಬಾಗಲಕೋಟೆ ಜಿಲ್ಲೆಗೂ ಅಂಥದೊಂದು ಹೆಸರು ಸಿಕ್ಕಿದೆ: ಬೀಳಗಿ, ಮುಧೋಳ ತಾಲ್ಲೂಕುಗಳಲ್ಲಿ ಹರಡಿದ ಯಡಹಳ್ಳಿ ಚಿಂಕಾರ ಅಭಯಾರಣ್ಯ, 2016ರದು, ಸುಮಾರು 96 ಚದರ ಕಿ.ಮೀ. ಎಲೆಯ ತೇವ, ಇಬ್ಬನಿಯಲ್ಲೇ ದಿನಗಟ್ಟಲೆ ಬದುಕುವ ಪ್ರಾಣಿ ಚಿಂಕಾರ. ಬೆದರಿದರೆ ಮುಂಗಾಲು ನೆಲಕ್ಕೆ ಬಡಿದು ಸೀನಿದಂತೆ ಸದ್ದು ಮಾಡುತ್ತದೆ, ಕಪ್ಪು ಬಾಲ ಅಲ್ಲಾಡುತ್ತಲೇ ಇರುತ್ತದೆ.

ಹುನಗುಂದ, ಇಳಕಲ್, ಬಾದಾಮಿ ಕಡೆಯ ಗುಡ್ಡಗಳಲ್ಲಿ ಹೊಸ ಲೀಸ್ ಕೊಡುವ ಮುನ್ನ ಅಲ್ಲಿ ಏನೇನು ಬದುಕಿದೆಯೆಂದು ಮೊದಲು ನೋಡಬೇಕು. ಸರ್ವೆಗೆ ಹೋಗುವ ಅಧಿಕಾರಿಗಳು ಒಬ್ಬ ಕುರಿಗಾರನನ್ನು ಜೊತೆಗೆ ಕರೆದುಕೊಂಡು ಹೋಗಲಿ. ತೋಳಕ್ಕೆ ಮರಿ ಕಳೆದುಕೊಂಡು ಶಪಿಸಿದವನೂ ಅವನೇ, ಅದರ ಗವಿ ಯಾವ ಬಂಡೆಯ ಕೆಳಗಿದೆಯೆಂದು ಬಲ್ಲವನೂ ಅವನೇ.