ಗುಸ್ಟಾವ್ ಲಿಯೊನ್‌ಹಾರ್ಟ್: ಓದನ್ನು ಬೆರಳಿಗಿಳಿಸಿದ ವಾದಕ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿ)

ಮನುಷ್ಯರಿಗಿರುವಂತೆ ವಾದ್ಯಗಳಿಗೂ ಏಳುಬೀಳುಗಳುಂಟು. ಒಂದು ಕಾಲದಲ್ಲಿ ಅರಮನೆಗಳಲ್ಲಿ ಮೆರೆದ ವಾದ್ಯ ಇನ್ನೊಂದು ಕಾಲದಲ್ಲಿ ವಸ್ತುಸಂಗ್ರಹಾಲಯದ ಮೂಲೆ ಸೇರುತ್ತದೆ. ಯೂರೋಪಿನ ಹಾರ್ಪ್ಸಿಕಾರ್ಡಿಗೆ ಒದಗಿದ ಗತಿ ಇದೇ. ಅದಕ್ಕೆ ಮತ್ತೆ ಜೀವಕಳೆ ತಂದವರಲ್ಲಿ ಹಾಲೆಂಡಿನ ಗುಸ್ಟಾವ್ ಲಿಯೊನ್‌ಹಾರ್ಟನು ಅಗ್ರಗಣ್ಯನು. ಆತನ ಸಾಧನೆಯನ್ನು ಸ್ಥೂಲವಾಗಿ ಪರಿಚಯಿಸುವುದೇ ಈ ಲೇಖನದ ಉದ್ದೇಶ.

ಮೊದಲು ವಾದ್ಯದ ವಿಚಾರ. ಹಾರ್ಪ್ಸಿಕಾರ್ಡು ನೋಟಕ್ಕೆ ಪಿಯಾನೋವಿನಂತಿದೆ. ಆದರೆ ಪಿಯಾನೋವಿನಲ್ಲಿ ಸಣ್ಣ ಸುತ್ತಿಗೆಗಳು ತಂತಿಯನ್ನು ಹೊಡೆಯುತ್ತವೆ. ಇದರಲ್ಲಿ ಹಕ್ಕಿಯ ಗರಿಯಿಂದ ಮಾಡಿದ ಪುಟ್ಟ ಮೊನೆ ತಂತಿಯನ್ನು ಮೀಟುತ್ತದೆ. ಮೀಟುವ ದೃಷ್ಟಿಯಿಂದ ಇದು ನಮ್ಮ ವೀಣೆಗೆ ಹತ್ತಿರ. ಆದರೆ ವೈಣಿಕನು ತಂತಿಯನ್ನು ಎಳೆದು ಗಮಕ ತೋರಬಲ್ಲನು, ಬೆರಳ ಬಲದಿಂದ ನಾದವನ್ನು ಏರಿಸಿ ಇಳಿಸಬಲ್ಲನು. ಹಾರ್ಪ್ಸಿಕಾರ್ಡಿನಲ್ಲಿ ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ನಾದ ಹೆಚ್ಚುಕಡಮೆ ಒಂದೇ. ಹದಿನೆಂಟನೆಯ ಶತಮಾನದಲ್ಲಿ ಪಿಯಾನೋ ಬೆಳೆದಂತೆ ಇದು ಹಿಂದೆ ಸರಿಯಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ವಾಂಡಾ ಲಾಂಡೋವ್‌ಸ್ಕಾ ಎಂಬ ಮಹಾವಾದಕಿ ಇದನ್ನು ಮತ್ತೆ ವೇದಿಕೆಗೆ ತಂದಳು. ಆದರೆ ಆಕೆ ನುಡಿಸುತ್ತಿದ್ದುದು ಪಿಯಾನೋ ತಯಾರಕರು ಕಟ್ಟಿದ, ಭಾರವಾದ ಹೊಸ ಬಗೆಯ ವಾದ್ಯ.

ಲಿಯೊನ್‌ಹಾರ್ಟನು ಜನಿಸಿದ್ದು 1928ನೆಯ ಇಸವಿ ಮೇ 30ರಂದು. 1947ರಿಂದ 1950ರ ವರೆಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ, ಪ್ರಾಚೀನ ಸಂಗೀತಕ್ಕೆಂದೇ ಸ್ಥಾಪಿತವಾದ ವಿದ್ಯಾಲಯದಲ್ಲಿ ಕಲಿತು, ಅನಂತರ ವಿಯೆನ್ನಾಕ್ಕೆ ಹೋದನು. ಅಲ್ಲಿ ಗ್ರಂಥಾಲಯದಲ್ಲಿ ಕುಳಿತು ಹಳೆಯ ಸ್ವರಲಿಪಿಗಳನ್ನು ಕೈಯಾರೆ ನಕಲು ಮಾಡಿಕೊಂಡನು.

1950ರಲ್ಲಿ ವಿಯೆನ್ನಾದಲ್ಲಿ ಆತನ ಮೊದಲ ಕಚೇರಿ. ಆಗ ನುಡಿಸಿದ್ದು ಜರ್ಮನಿಯ ಮಹಾವಾಗ್ಗೇಯಕಾರ ಬಾಖನ (1685–1750) ‘ಆರ್ಟ್ ಆಫ್ ಫ್ಯೂಗ್’. ಈ ಕೃತಿಯನ್ನು ಯಾವ ವಾದ್ಯಕ್ಕಾಗಿ ರಚಿಸಿದ್ದೆಂದು ಬಾಖನು ಬರೆದಿಲ್ಲ. ಒಂದೊಂದು ಸ್ವರಧಾರೆಯನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದಿರುವುದರಿಂದ, ಇದು ಹಲವು ವಾದ್ಯಗಳಿಗೆ ಉದ್ದೇಶಿಸಿದ್ದೆಂದೂ ಕೇವಲ ಶಾಸ್ತ್ರಚಿಂತನೆಯೆಂದೂ ಅನೇಕರು ತಿಳಿದಿದ್ದರು. ಲಿಯೊನ್‌ಹಾರ್ಟನು 1952ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿ, ಅದು ಹಾರ್ಪ್ಸಿಕಾರ್ಡಿನ ಕೃತಿಯೇ ಎಂದು ವಾದಿಸಿದನು. ಕೀಲಿಮಣೆಯ ಕೃತಿಗಳನ್ನೂ ಹಾಗೆ ಬಿಡಿಸಿ ಬರೆಯುವ ಪದ್ಧತಿ ಹಿಂದೆ ಇದ್ದಿತೆಂಬುದು ಒಂದು ಕಾರಣ. ಆ ಸ್ವರಗಳು ಎರಡು ಕೈಗಳ ಹರವಿಗೆ ನಿಲುಕುತ್ತವೆಂಬುದು ಇನ್ನೊಂದು. ವೇದಿಕೆಯ ಮೇಲೆ ನುಡಿಸಿ ತೋರಿಸಿದ್ದನ್ನೇ ಲೇಖನಿಯಿಂದ ಸಮರ್ಥಿಸಿದನೆನ್ನಬಹುದು.

ಹಾಗಾದರೆ ಏರಿಳಿತವಿಲ್ಲದ ನಾದದಲ್ಲಿ ಭಾವ ಬರುವುದು ಹೇಗೆ? ಆತನ ಕಲೆಯ ಗುಟ್ಟು ಇಲ್ಲಿಯೇ ಇದೆ. ಒಳ್ಳೆಯ ಭಾಷಣಕಾರನು ಮುಖ್ಯವಾದ ಮಾತಿಗೆ ಮುಂಚೆ ಒಂದು ಕ್ಷಣ ತಡೆಯುವಂತೆ, ಆತನು ಮುಖ್ಯ ಸ್ವರವನ್ನು ಕೂದಲೆಳೆಯಷ್ಟು ತಡಮಾಡಿ ಮೀಟುವನು. ಒಂದು ಸ್ವರವನ್ನು ತುಸು ಹೆಚ್ಚು ಹಿಡಿದು ಇನ್ನೊಂದನ್ನು ಬೇಗ ಬಿಡುವನು. ಬಲದಿಂದಾಗದ ಕೆಲಸವನ್ನು ಕಾಲದಿಂದ ಮಾಡಿಸಿದನು. ಮೊದಲ ಸಲ ಈತನ ಧ್ವನಿಮುದ್ರಣವನ್ನು ಕೇಳಿದಾಗ ನನಗೆ ತಗಡಿನ ಮೇಲೆ ಮಳೆ ಸುರಿದಂತೆ ತೋರಿತು. ನಾಲ್ಕೈದು ಸಲ ಕೇಳಿದ ಮೇಲೆ ಆ ಮಳೆಯೊಳಗಿನ ಮಾತು ಕೇಳಿಸತೊಡಗಿತು.

ಆತನಿಗೆ ಪ್ರಿಯವಾದ ವಾದ್ಯಗಳಲ್ಲೊಂದನ್ನು ಜರ್ಮನಿಯ ಮಾರ್ಟಿನ್ ಸ್ಕೊವ್ರೊನೆಕ್ ಎಂಬಾತನು ಹದಿನೆಂಟನೆಯ ಶತಮಾನದ ಮಾದರಿಯಲ್ಲಿ 1962ರಲ್ಲಿ ಕಟ್ಟಿದನು. ಆಮ್‌ಸ್ಟರ್‌ಡ್ಯಾಮಿನಲ್ಲಿ ಲಿಯೊನ್‌ಹಾರ್ಟನು ಅಧ್ಯಾಪಕನೂ ಚರ್ಚಿನ ಆರ್ಗನ್ ವಾದಕನೂ ಆಗಿದ್ದನು. ಟಾನ್ ಕೂಪ್‌ಮನ್, ಕ್ರಿಸ್ಟೋಫರ್ ಹಾಗ್‌ವುಡ್ ಮೊದಲಾದವರು ಆತನ ಶಿಷ್ಯರು. 1968ರಲ್ಲಿ ಹೊರಬಂದ ಚಲನಚಿತ್ರವೊಂದರಲ್ಲಿ ಬಾಖನ ಪಾತ್ರವನ್ನೇ ವಹಿಸಿ, ಸಂಗೀತವನ್ನು ತಾನೇ ನುಡಿಸಿದನು.

ನಿರ್ದೇಶಕನಾಗಿ ಆತನು ಮಾಡಿದ ದೊಡ್ಡ ಕೆಲಸ ಬಾಖನ ಚರ್ಚ್ ಕ್ಯಾಂಟಾಟಾಗಳದು. ಇವು ಆರಾಧನೆಯ ವೇಳೆ ವಾದ್ಯಮೇಳದೊಡನೆ ಹಾಡುವ ಕೃತಿಗಳು. ಉಳಿದು ಬಂದಿರುವವು ಸುಮಾರು 200. ಆಸ್ಟ್ರಿಯಾದ ಮಿತ್ರ ನಿಕೊಲಾಸ್ ಹಾರ್ನೊನ್‌ಕೂರ್‌ನೊಡನೆ ಹಂಚಿಕೊಂಡು ಈತನು ಮುದ್ರಿಸಿದ ಸಂಪುಟಗಳು 1971ರಿಂದ 1990ರ ವರೆಗೆ ಹೊರಬಂದವು. ಬಾಖನ ಚರ್ಚಿನಲ್ಲಿ ಸ್ತ್ರೀಯರು ಹಾಡುತ್ತಿರಲಿಲ್ಲವಾದ್ದರಿಂದ ಮೇಲಿನ ಶ್ರುತಿಯ ಭಾಗಗಳನ್ನು ಬಹುಮಟ್ಟಿಗೆ ಬಾಲಕರಿಂದಲೇ ಹಾಡಿಸಿದರು. ವಾದ್ಯಗಳೂ ಆ ಕಾಲದವು ಅಥವಾ ಆ ಮಾದರಿಯವು. 1980ರಲ್ಲಿ ಇಬ್ಬರಿಗೂ ಎರಾಸ್ಮಸ್ ಪ್ರಶಸ್ತಿ ದೊರೆಯಿತು.

2011ರ ಡಿಸೆಂಬರ್ 12ರಂದು ಪ್ಯಾರಿಸಿನಲ್ಲಿ ಕೊನೆಯ ಕಚೇರಿ ಮಾಡಿ, 2012ರ ಜನವರಿ 16ರಂದು ಲಿಯೊನ್‌ಹಾರ್ಟನು ತೀರಿಕೊಂಡನು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ರಜೆಗೆ ಊರಿಗೆ ಹೋದಾಗಲೆಲ್ಲ ತಂದೆಯವರು, “ಇಷ್ಟು ಓದಿದ್ಯಲ್ಲಪ್ಪಾ, ಕೈಗೇನು ಬಂತು?” ಎಂದು ಕೇಳುತ್ತಾರೆ. ಇದು ಓದದವರ ಪ್ರಶ್ನೆಯೆಂದು ಮೊದಮೊದಲು ನನಗೆ ಬೇಸರವಾಗುತ್ತಿತ್ತು. ಈತನ ಚರಿತ್ರೆಯನ್ನು ತಿಳಿದ ಮೇಲೆ ಅದು ಓದುವವರೆಲ್ಲ ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಯೆಂದು ತೋರುತ್ತಿದೆ. ಗ್ರಂಥಾಲಯದಲ್ಲಿ ನಕಲು ಮಾಡಿದ ಹಾಳೆಗಳು ಆತನ ಬೆರಳುಗಳಲ್ಲಿ ನಾದವಾದವು. ಈ ವರ್ಷ ಪದವಿ ಪಡೆದು ಹೊರಡಲಿರುವ ನಾವು, ನಮ್ಮ ಟಿಪ್ಪಣಿ ಪುಸ್ತಕಗಳನ್ನು ಅಟ್ಟಕ್ಕೆ ಹಾಕುವ ಮೊದಲು ಇದನ್ನೊಮ್ಮೆ ನೆನೆಯುವುದು ಒಳ್ಳೆಯದು.